ಗಂಡನನ್ನು ದೇವರಾಗಲು ಬಿಡದ ಕಾಕು

ನೀಲವ್ವ ಕಾಕು ತನ್ನ ಗಂಡನ ಕಾಲಿಗೆ ಬಿದ್ದವರನ್ನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಎದ್ದವನು ಊರ ಗೌಡನಾದರೂ ಬೈಗುಳ ತಪ್ಪುತ್ತಿರಲಿಲ್ಲ.

ಅವಳ ಗಂಡ ಬಸಪ್ಪ ಕಾಕಾ ತಿಕೋಂಡಿಯಲ್ಲಿ ಕಾಳಿನ ವ್ಯಾಪಾರಿ. ಸ್ವಾತಂತ್ರ್ಯ ಬಂದ ವರ್ಷವೇ ಅವನ ಮಾತು ಹಳಿ ತಪ್ಪಿತು. ಊರವರು ಅದನ್ನು ದೇವವಾಣಿ ಎಂದರು. ಒಮ್ಮೆ ಒಬ್ಬ ಬಂದು, ಮಗಳನ್ನು ಎರಡನೇ ಸಂಬಂಧಕ್ಕೆ ಕೊಡಲೇ ಎಂದು ಕೇಳಿದ.

"ಎತ್ತು ಏರಿಗೆ ಹೋತು, ಏರಿ ಮ್ಯಾಲ ಎಣ್ಣಿ, ಎಣ್ಣಿಗೆ ಎಷ್ಟ ಕಣ್ಣ..." ಎಂದ ಕಾಕಾ.

"ಎಣ್ಣಿ ಅಂದ್ರು! ಎಣ್ಣಿ-ಅರಿಷಿಣಾ! ಒಪ್ಪಿಗಿ ಆತು" ಎಂದು ಅವನು ಹಿಗ್ಗಿ ಹೋದ. ಹದಿಮೂರರ ಹುಡುಗಿಯನ್ನು ತಲೆ ನರೆತವನಿಗೆ ಕಟ್ಟಿಯೇ ಬಿಟ್ಟ! ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಕಾಕಾ ಎರಡು ದಿನದಿಂದ ಉಂಡಿಲ್ಲ, ಮಲಗಿಲ್ಲ ಎಂಬುದು ಆ ಭಕ್ತರಲ್ಲಿ ಒಬ್ಬರಿಗೂ ಕಾಣಲಿಲ್ಲ.

"ಕಾಲ ಮುರದಾಂವ ಕುಂಟಿದ್ರ ಅದ್ರಾಗ ಶಕುನಾ ನೋಡ್ತೀರೇನ್ರಿ?" ಎಂದು ಕಾಕು ಕೂಗುತ್ತಿದ್ದಳು. "ಇವ್ರ ಸ್ವಾದರಮಾವಗೂ ಹಿಂಗ ಆಗಿತ್ತು. ಅವಗ ದೆವ್ವ ಅಂತ ಹೊಡದ್ರಿ, ಇವ್ರಿಗೆ ದೇವ್ರು ಅಂತ ಕೈ ಮುಗೀತೀರಿ. ಬ್ಯಾನಿ ಒಂದೇ ಅಲ್ರೀ?"

ಮಿರಜದ ದವಾಖಾನೆಗೆ ಹೊರಟಾಗ ಹಿರಿಯರು ಅಡ್ಡ ಬಂದರು. "ಊರ ದೇವರನ್ನ ಊರ ಬಿಡಸಬ್ಯಾಡವಾ" ಎಂದರು. ಬಂಡಿ ಕೊಡಲು ಯಾರಿಗೂ ಮನಸ್ಸಾಗಲಿಲ್ಲ. ಕಾಕು ಗಂಡನ ಕೈ ಹಿಡಿದು ಉಮದಿಯವರೆಗೆ ನಡೆದಳು. ಆಗ ಊರ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಜೊತೆಗಿದ್ದೆ. ಅಲ್ಲಿಂದ ಬಸ್ಸು ಹಿಡಿದು ಮಿರಜ ಸೇರಿದೆವು.

ಇದು ಮೆದುಳಿನ ಕಾಯಿಲೆ, ಒಂದು ವಿಚಾರಕ್ಕೆ ಇನ್ನೊಂದನ್ನು ಜೋಡಿಸುವ ಕೆಲಸ ಅಲ್ಲಿ ಕೆಟ್ಟಿದೆ, ಕೆಲವು ಮನೆತನಗಳಲ್ಲಿ ಇಳಿದು ಬರುವುದೂ ಉಂಟು ಎಂದು ಡಾಕ್ಟರರು ಮರಾಠಿಯಲ್ಲಿ ತಿಳಿಸಿ ಹೇಳಿದರು. ಏಕೆ ಕೆಡುತ್ತದೆಂದು ತಮಗೂ ಪೂರ್ತಿ ಗೊತ್ತಿಲ್ಲ ಎಂದರು. ಅವರ ಬಳಿ ಆಗ ಮದ್ದೂ ಇರಲಿಲ್ಲ. ಆದರೂ ಕಾಕು ಬಿಡಲಿಲ್ಲ, ವರ್ಷಕ್ಕೊಮ್ಮೆ ಹೋಗಿ ಕೇಳುತ್ತಿದ್ದಳು. ಕೊನೆಗೆ ಹೊಸ ಗುಳಿಗೆ ಬಂತು. ನಾಲ್ಕಾರು ತಿಂಗಳಲ್ಲಿ ಕಾಕಾನ ಮಾತು ಮೆಲ್ಲಗೆ ಹದಕ್ಕೆ ಬಂತು.

ನನಗೆ ವರ್ಗವಾಗಿತ್ತು. ಹೇಳಿ ಹೋಗಲು ಬಂದಾಗ ಕಾಕಾ ಕಟ್ಟೆಯ ಮೇಲೆ ಕುಳಿತು, "ಬರ್ರಿ, ಕುಂದ್ರಿ, ಚಾ ಕುಡದು ಹೋಗ್ರಿ" ಎಂದು ದಾರಿಹೋಕರನ್ನು ಕರೆಯುತ್ತಿದ್ದ. ದೈವ ಇವನನ್ನು ಬಿಟ್ಟು ಹೋಗಿದೆಯೆಂದು ಅವರು ಮುಖ ತಿರುಗಿಸಿ ನಡೆದರು. ಥೂ!

ಕಾಕು ಬೀದಿಗಿಳಿದು ಚೀರಿದಳು: "ತಿಳೀಲಾರದ್ದನ್ನ ತಾಸಗಟ್ಲೆ ಕೇಳಿದ್ರಿ! ಈಗ ತಿಳಿಯೂ ಹಂಗ ಮಾತಾಡ್ತಾರ, ಬಂದು ಕೇಳ್ರಿ!"

"ಬಿಡ, ಮಂದೀಗಿ ಅವರವರ ಕೆಲಸಾ ಇರ್ತಾವ" ಎಂದ ಕಾಕಾ. ಹತ್ತು ವರ್ಷ ಕಾದು ಪಡೆದ ಆ ನೆಟ್ಟಗಿನ ಮಾತನ್ನು ಕೇಳಿಸಿಕೊಂಡವರು ನಾವಿಬ್ಬರೇ.