ಒಂದಗುಳು ಸಾಲದ ಗಡ್ಡೆ

ಸೂರತ್ತಿನ ಮದುವೆಗಳಿಗೆ ನಾನು ಅಡುಗೆ ಮಾಡಿದರೆ ಊರಿಗೆ ಊರೇ ಉಂಡರೂ ಹಂಡೆ ಬರಿದಾಗುತ್ತಿರಲಿಲ್ಲ. ಅಂಥವನ ಅನ್ನನಾಳದಲ್ಲೇ ಕ್ಯಾನ್ಸರ್ ಗಡ್ಡೆ. ಮೊದಲ ಔಷಧಿಗೆ ಅರ್ಧ ಕರಗಿತು, ಉಳಿದರ್ಧ ಹಟ ಹಿಡಿದು ಕೂತಿತು. ಗುಟುಕು ನೀರೂ ಇಳಿಯದು. ವಡೋದರಾದ ಡಾಕ್ಟರಮ್ಮ ಮತ್ತೆ ಗಂಟಲಿಗೆ ಕೊಳವೆ ಇಳಿಸಿ, ಗಡ್ಡೆಯ ಹಲವು ಕಡೆಯಿಂದ ಪರೀಕ್ಷೆಗೆ ಚೂರು ತೆಗೆಯಬೇಕೆಂದರು.

"ಅನ್ನ ಬೆಂದಿದೆಯೋ ನೋಡೋಕೆ ಒಂದಗುಳು ಸಾಕು ಬೇನ್. ಆಗಲೇ ಒಂದು ಚೂರು ಕಿತ್ತಿದ್ದೀರಲ್ಲ," ಎಂದೆ.

"ಇದು ಅನ್ನವಲ್ಲ ಕಾಕಾ, ಹತ್ತು ತರಕಾರಿ ಒಟ್ಟಿಗೆ ಬೇಯೋ ನಿಮ್ಮ ಸೂರತ್ತಿನ 'ಉಂಧಿಯು' ಪಲ್ಯ. ಬದನೆ ಬೆಂದರೆ ಸುವರ್ಣಗಡ್ಡೆಯೂ ಬೆಂದಂತಾಯಿತಾ? ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ಜಾತಿಯ ಜೀವಕೋಶ ಇರ್ತವೆ. ಉಳಿದಿರೋದು ಯಾವುದು ಅಂತ ಗೊತ್ತಾಗದೆ ಯಾವ ಔಷಧಿ ಕೊಡಲಿ?"

ಅಡುಗೆಯವನಿಗೆ ಅಡುಗೆಯ ಲೆಕ್ಕದಲ್ಲೇ ಹೇಳಿದರೆ ಇನ್ನೇನು ವಾದ? ಒಪ್ಪಿದೆ. ಚೂರುಗಳ ಪರೀಕ್ಷೆಯಲ್ಲಿ ಉಳಿದ ಜಾತಿ ಯಾವುದೆಂದು ತಿಳಿದು ಔಷಧಿ ಬದಲಾಯಿತು. ಸೊಸೆ ಮಾಡುವ ಗಂಜಿ ಈಗ ಸಲೀಸಾಗಿ ಇಳಿಯುತ್ತದೆ. ಅದಕ್ಕೆ ಉಪ್ಪಿಲ್ಲ, ಆ ಮಾತು ಬೇರೆ.