ಲಿಂಗೈಕ್ಯಕ್ಕೆ ಯಾವ ಬಸ್ಸು?

2002ರಲ್ಲಿ ನಾನು ಒಂಟಿಕೊಪ್ಪಲಿನ ಒಂದು ಡೇ ಕೇರ್ ಕೇಂದ್ರದಲ್ಲಿ ಸ್ಪೆಷಲ್ ಎಜುಕೇಟರ್ ಆಗಿದ್ದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ವಯಸ್ಕರಿಗೆ ಅಡುಗೆ, ಬಟ್ಟೆ ಒಗೆಯುವುದು, ಬಸ್ಸಿನ ನಂಬರ್ ಗುರುತಿಸುವುದು ಕಲಿಸುವ ಕೆಲಸ. ಅಲ್ಲಿ ಕಲಿಯಲು ಬರುತ್ತಿದ್ದ ಗಿರಿಜಾಗೆ ಆಗ ಮೂವತ್ತಾರು. ಎರಡು ಬೀದಿಯಾಚೆ ತಾಯಿಯೊಡನೆ ಬಾಡಿಗೆ ಮನೆಯಲ್ಲಿದ್ದವಳು ದಿನವೂ ನಡೆದೇ ಬರುತ್ತಿದ್ದಳು.

ಆ ವರ್ಷದ ಜುಲೈಯಲ್ಲಿ ತಾಯಿ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡುವ ದಿನ ಅಣ್ಣ ಬಸವರಾಜು ತಂಗಿಯನ್ನು ಪಕ್ಕದ ಮನೆಯಲ್ಲಿ ಕೂರಿಸಿದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅವರು ಆಮೇಲೆ ಅವಳನ್ನು ಬೋಗಾದಿಯ ತಮ್ಮ ಮನೆಗೆ ಕರೆದೊಯ್ದರು. ಒಂದೇ ವಾರದಲ್ಲಿ ಅವಳ ತಾಯಿ, ಮನೆ, ಬೀದಿ ಮೂರೂ ಹೋದವು.

ಮೂರು ವಾರದ ಬಳಿಕ ಬಸವರಾಜು ಕೇಂದ್ರಕ್ಕೆ ಬಂದರು. "ನಾಲ್ಕು ಸಲ ಮನೆ ಬುಟ್ಟು ಓಡೋಗವ್ಳೆ ಮೇಡಂ. ನಾನು ಡ್ಯೂಟಿಗೆ ಹೋಗದಾ, ಇವಳನ್ನ ಹುಡುಕದಾ? ದೂರದಲ್ಲೊಂದು ಹಾಸ್ಟೆಲ್ ನೋಡಿದೀನಿ. ಈ ಫಾರಂಗೆ ನಿಮ್ಮ ಸಹಿ ಬೇಕು."

ಮನೆಯಲ್ಲಿ ಇವಳನ್ನು ನೋಡಿಕೊಳ್ಳಲು ಸಾಧ್ಯವಿಲ್ಲ ಎಂದು ನಾನು ದೃಢೀಕರಿಸಬೇಕಿತ್ತು. "ಮನೆಯವರ ವಿಷಯ, ಹಾಕಿಕೊಡಿ," ಎಂದರು ನಮ್ಮ ಮುಖ್ಯಸ್ಥರು. ನಾನು ಹಾಕಲಿಲ್ಲ.

ಬೋಗಾದಿಗೆ ಹೋಗಿ ವಿಚಾರಿಸಿದೆ. ನಾಲ್ಕು ಸಲವೂ ಅವಳು ಸಿಕ್ಕಿದ್ದು ಒಂದೇ ಬಸ್ ಸ್ಟಾಪಿನಲ್ಲಿ. ಅಲ್ಲಿಗೆ ಯಾಕೆ ಹೋಗುತ್ತೀಯ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ.

"ಅಣ್ಣ ಹೇಳ್ತು, ಅಮ್ಮ ಲಿಂಗೈಕ್ಯ ಅಂತ. ಅಲ್ಲಿಗೆ ಯಾವ ಬಸ್ಸು ಟೀಚರ್?"

ಸಾವನ್ನು ಗೌರವದಿಂದ ಹೇಳಲು ಆ ಮನೆಯವರು ಆಡುತ್ತಿದ್ದ ಮಾತು ಅವಳಿಗೆ ಒಂದು ಊರಾಗಿತ್ತು.

ಬಸವರಾಜು ಎದುರಿಗೇ ಹೇಳಿದೆ: "ಗಿರಿಜಾ, ಅಮ್ಮ ಸತ್ತುಹೋದರು. ಮತ್ತೆ ಬರಲ್ಲ. ಅಲ್ಲಿಗೆ ಬಸ್ಸು ಇಲ್ಲ."

"ಎಂಥ ಮಾತಾಡ್ತೀರಿ ಮೇಡಂ," ಬಸವರಾಜು ಸಿಡುಕಿದರು.

"ನಿಜ ಹೇಳಿದೆ. ನಾಳೆ ಸಮಾಧಿಗೆ ಕರೆದೊಯ್ಯೋಣ. ನೀವು ಬರದಿದ್ದರೆ ನಾನೊಬ್ಬಳೇ ಕರಕೊಂಡು ಹೋಗ್ತೀನಿ."

ಅವರು ಬಂದರು. ಗಿರಿಜಾ ಮಣ್ಣಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. "ಅಮ್ಮಂಗೆ ಚಳಿ ಆಗಲ್ವಾ?" ಎಂದಳು. ಇಲ್ಲ, ಈಗ ಏನೂ ಆಗುವುದಿಲ್ಲ ಎಂದೆ. ಆಗ ಅತ್ತಳು, ದೊಡ್ಡ ದನಿಯಲ್ಲಿ. ಸುಮ್ಮನಿರಿಸಲು ಹೋದ ಬಸವರಾಜು ತಾವೂ ಅತ್ತರು. ಅಲ್ಲಿಯವರೆಗೆ ಅವರು ಅತ್ತಿರಲೇ ಇಲ್ಲವಂತೆ.

ಆದರೂ ಮುಂದಿನ ಸೋಮವಾರ ಫಾರಂ ಮತ್ತೆ ಮೇಜಿನ ಮೇಲೆ ಬಂತು. ಈ ಸಲ ಗಿರಿಜಾಳನ್ನೂ ಕೂರಿಸಿ, ಹಾಸ್ಟೆಲ್ ಎಂದರೇನು, ಅಲ್ಲಿ ಯಾರ್ಯಾರು ಇರುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ನಾ ಹೋಗಲ್ಲ ಕಣಣ್ಣ," ಎಂದಳು. "ಅತ್ತಿಗೆ ಜೊತೆ ಚಪಾತಿ ಲಟ್ಟಿಸ್ತೀನಿ. ಟೀಚರ್ ಹತ್ರ ಬರ್ತೀನಿ. ನಾ ಹೋಗಲ್ಲ." ಫಾರಂ ಎಳೆದುಕೊಂಡು ನಾಲ್ಕಾಗಿ ಮಡಚಿ, ಅದರ ಮೇಲೆ ಕೈಯೂರಿ ಕೂತಳು.

ಬಸವರಾಜು ತಂಗಿಯ ಮುಖವನ್ನೇ ನೋಡಿದರು. "ಆರು ತಿಂಗಳು ನೋಡನ ಬುಡಿ ಮೇಡಂ."

ಆ ಆರು ತಿಂಗಳು ಸುಲಭವಿರಲಿಲ್ಲ. ಬೋಗಾದಿಯಿಂದ ಕೇಂದ್ರಕ್ಕೆ ಬಸ್ಸಿನಲ್ಲಿ ಒಬ್ಬಳೇ ಬರುವುದನ್ನು ಗಿರಿಜಾಗೆ ಕಲಿಸಲು ಹನ್ನೊಂದು ವಾರ ಹಿಡಿಯಿತು. ಅವಳ ಅತ್ತಿಗೆ ಒಮ್ಮೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ರೇಗಿದರು. ಅವರ ಸಿಟ್ಟಿಗೂ ಕಾರಣವಿತ್ತು; ಮನೆಯಲ್ಲಿ ಅವಳನ್ನು ನೋಡಿಕೊಳ್ಳುವ ಹೊರೆ ಬಿದ್ದದ್ದು ಅವರ ಮೇಲೆಯೇ. ಆದರೆ ಗಿರಿಜಾ ಮತ್ತೆ ಕಾಣೆಯಾಗಲಿಲ್ಲ. 2009ರಲ್ಲಿ ನಾನು ನಿವೃತ್ತಳಾದಾಗಲೂ ಅವಳು ಅಣ್ಣನ ಮನೆಯಲ್ಲೇ ಇದ್ದಳು.

ಆ ಫಾರಂನಲ್ಲಿ ಪೋಷಕರ, ವೈದ್ಯರ, ನನ್ನ ಸಹಿಗೆ ಜಾಗವಿತ್ತು; ಹೋಗಬೇಕಾದವಳಿಗೇ ಇರಲಿಲ್ಲ. ಅಂದಿನಿಂದ ನನ್ನ ಕೈಗೆ ಬಂದ ಪ್ರತಿ ಫಾರಂನ ಕೆಳಗೂ ಪೆನ್ನಿನಲ್ಲಿ ಗೆರೆ ಎಳೆದು 'ಇವರ ಅಭಿಪ್ರಾಯ' ಎಂದು ಬರೆದೆ. ಮುಖ್ಯಸ್ಥರು ಎರಡು ಸಲ ನೋಟಿಸ್ ಕೊಟ್ಟರು. ಗೆರೆ ಎಳೆಯುವುದನ್ನು ನಾನು ನಿಲ್ಲಿಸಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ಉತ್ತರ ತಡವಾಗಿ ಬರಬಹುದು. ಕೇಳಬೇಕು, ಕಾಯಬೇಕು, ಬಂದ ಉತ್ತರವನ್ನು ಬರೆದುಕೊಳ್ಳಬೇಕು.