ಜ್ವರದ ಮನೆಯಲ್ಲಿ ವೆಲ್ಡಿಂಗ್

ಬೆಳಿಗ್ಗೆ ಹುಳದ ಮನೆಯ ಬಾಗಿಲು ತೆಗೆದೆ. ಕಬ್ಬಿಣದ ಸ್ಟ್ಯಾಂಡು ಒಂದು ಕಡೆಗೆ ವಾಲಿಕೊಂಡಿತ್ತು. ಮೂಲೆಯ ಕಾಲು ಬುಡದಲ್ಲಿ ಬಾಗಿ, ಇನ್ನೇನು ಮುರಿಯುವಂತಿತ್ತು. ಅದರ ಮೇಲೆ ನಾಲ್ಕು ಅಂತಸ್ತಿನ ತುಂಬ ರೇಷ್ಮೆ ಹುಳ. ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿರುತ್ತೇವೆ. ಇರುವೆಯೇನೋ ಹತ್ತಲಿಲ್ಲ, ತುಕ್ಕು ಹತ್ತಿತು.

ಆ ಸ್ಟ್ಯಾಂಡು ನನ್ನ ಹಟ. ಚನ್ನಪಟ್ಟಣದ ಕಡೆ, ನನ್ನ ತವರಿನ ಹತ್ತಿರ, ರೇಷ್ಮೆ ಸಾಕಣೆ ಬಿಟ್ಟವರೊಬ್ಬರಿಂದ ಹಳೆಯದನ್ನೇ ಕೊಂಡು, ಬಣ್ಣ ಹೊಡೆಸಿ ತರಿಸಿದ್ದೆ. ದೊಡ್ಡಆಲಹಳ್ಳಿಯ ಪಕ್ಕದ ನಮ್ಮೂರಿನಲ್ಲಿ ಅತ್ತೆ ಬಿದಿರು ತಟ್ಟೆಯಲ್ಲೇ ಹುಳ ಸಾಕಿ ಮುದುಕಿಯಾದವರು. ಕಬ್ಬಿಣ ಕಂಡ ದಿನ ಮೂಗು ಮುರಿದಿದ್ದರು. ಈ ಬೆಳೆ ಕೆಟ್ಟರೆ ಅಟ್ಟದಲ್ಲಿರುವ ತಟ್ಟೆಗಳು ಮತ್ತೆ ಕೆಳಗಿಳಿಯುತ್ತವೆ, ಆಮೇಲೆ ಈ ಮನೆಯಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಳ ಬೇರೆ ಕಡೆ ಎತ್ತಿಡೋಣವೆಂದರೆ ಅವು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹಳೇ ಚರ್ಮ ಕಳಚುವುದಕ್ಕೆ ಮುಂಚೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಆಗ ಮುಟ್ಟುವಂತಿಲ್ಲ, ಅವು ಕೂತ ಸೊಪ್ಪಿನ ಹಾಸಿಗೆಗೆ ತೇವ ತಾಕುವಂತಿಲ್ಲ. ಸುಣ್ಣದ ಪುಡಿ ಉದುರಿಸಿ ಒಣಗಿಸಿಟ್ಟಿದ್ದೆವು. ಹುಳ ಇದ್ದ ಕಡೆಯೇ ಕಾಲಿಗೆ ಬೆಸುಗೆ ಹಾಕಿಸದೆ ಬೇರೆ ದಾರಿ ಇರಲಿಲ್ಲ.

ನಮ್ಮ ಮನೆಯವರು ವಾಲಿದ ಕಡೆಗೆ ಕಾರಿನ ಜಾಕಿ ಕೊಟ್ಟು, ಕನಕಪುರಕ್ಕೆ ಓಡಿ, ಗೇಟು ಗ್ರಿಲ್ಲು ಮಾಡುವ ಭಾಯ್ ಒಬ್ಬರನ್ನು ಮಿಷಿನ್ ಸಮೇತ ಆಟೋದಲ್ಲಿ ಕರೆತಂದರು.

"ಒಳ್ಗೆ ಜ್ವರ ಐತೆ, ಒಸಿ ಮೆತ್ತಗೆ ಬನ್ನಿ," ಅಂದೆ.

ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಯಾರಿಗಮ್ಮ? ಡಾಕ್ಟ್ರಿಗೆ ತೋರ್ಸಿದ್ರಾ?"

"ಹುಳಕ್ಕೆ!"

"ಹುಳಕ್ಕೂ ಜ್ವರ ಬತ್ತದಾ?" ಅವರ ಮುಖ ನೋಡಿ, ಅಂಥ ಹೊತ್ತಲ್ಲೂ ನನಗೆ ನಗು ಬಂತು.

ಒಳಗೆ ಬಂದು ಸುತ್ತ ನೋಡಿದ ಮೇಲೆ ಭಾಯ್‌ಗೆ ಗಾಬರಿಯಾಯಿತು. "ಮೇಲೆ ನೈಲಾನ್ ಬಲೆ, ಸುತ್ತ ಪೇಪರ್ರು, ಕೆಳ್ಗೆ ಒಣಗಿದ ಕಡ್ಡಿ. ಒಂದು ಕಿಡಿ ಸಾಕು ಇದಕ್ಕೆ," ಅಂದವರೇ ತಮ್ಮ ಕಸುಬಿನ ಅಭ್ಯಾಸದಂತೆ ಗೋಣಿಚೀಲ ಕೇಳಿದರು, ತೊಟ್ಟಿಯಲ್ಲಿ ಅದ್ದಿದರು, ನೀರು ಸೋರುತ್ತಿದ್ದ ಚೀಲವನ್ನು ಕೆಳಗಿನ ಅಂತಸ್ತಿಗೆ ಹೊದಿಸಲು ಹೊರಟರು.

ಅತ್ತೆ ಅಡ್ಡ ನಿಂತು ಚೀಲ ಕಿತ್ತುಕೊಂಡರು. "ನೀರು ತಕ್ಕೊಂಡು ಒಳಕ್ಕೆ ಕಾಲಿಡ್ತೀಯಲ್ಲಪ್ಪ! ಜ್ವರದಲ್ಲಿರೋವು ಒದ್ದೆಯಾದ್ರೆ ನೆಟ್ಟಗೆ ಏಳಾಕಿಲ್ಲ."

"ಒದ್ದೆ ಮಾಡ್ದೆ ಇದ್ರೆ ಸುಟ್ಟೋಯ್ತದವ್ವ!"

ಇಬ್ಬರದೂ ಸರಿ. ಅದಕ್ಕೇ ನನಗೆ ಇಬ್ಬರ ಮೇಲೂ ರೇಗಿತು. "ಬಣ್ಣ ಹೊಡೆದ ಗೇಟಿಗೆ ಬೆಸುಗೆ ಹಾಕೋವಾಗ ಪಕ್ಕದ ಬಣ್ಣ ಸುಡದಂಗೆ ಏನ್ ಮಾಡ್ತೀರಿ ಭಾಯ್? ಅದನ್ನ ಹೇಳಿ," ಎಂದು ಗದರಿದಂತೆಯೇ ಕೇಳಿದೆ.

"ಮಣ್ಣು ಮೆತ್ತೀವಿ," ಅಂದರು. ಅಂದ ಮೇಲೆ ಅವರಿಗೇ ಹೊಳೆಯಿತು.

ಕೆರೆಯ ಜೇಡಿಮಣ್ಣು ತಂದು, ನೀರು ಸೋರದಂತೆ ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದೆ. ಬೆಸುಗೆಯ ಜಾಗಕ್ಕೂ ಹುಳಕ್ಕೂ ನಡುವೆ, ಕಾಲಿನ ಪೈಪಿನ ಸುತ್ತ ಭಾಯ್ ಅದನ್ನು ದಪ್ಪಗೆ ಮೆತ್ತಿದರು. ಕಬ್ಬಿಣದಲ್ಲಿ ಬಿಸಿ ಹರಿದು ಮೇಲೇರುವಾಗ ಮಣ್ಣು ಅದನ್ನು ಕುಡಿಯಬೇಕು. ಕೋಳಿಗೂಡಿನ ತಗಡು ಕಿತ್ತು ಕಿಡಿಗೆ ಅಡ್ಡ ಇಟ್ಟೆವು. ನೀರಿನ ಬಟ್ಟಲು, ಕಡ್ಡಿ, ಪೇಪರು ಆಚೆ ಹಾಕಿ ನೆಲಕ್ಕೆ ಮರಳು ಸುರಿದೆವು. ಹೊಗೆ ಹುಳಕ್ಕೆ ಆಗುವುದಿಲ್ಲವೆಂದು ಬಾಗಿಲಲ್ಲಿ ಫ್ಯಾನನ್ನು ಹೊರಮುಖ ಮಾಡಿ ಇಟ್ಟೆ.

"ಮಣ್ಣು ದಾಟಿ ಬಿಸಿ ಮೇಲಕ್ಕೋದ್ರೆ ಗೊತ್ತಾಗೋದೆಂಗೆ?" ಎಂದು ಕೇಳಿದೆ. ಅತ್ತೆ ಮುಂದೆ ಬಂದು, ಮಣ್ಣಿನ ಮೇಲುಗಡೆ ಪೈಪನ್ನು ಬಲಗೈಯಲ್ಲಿ ಹಿಡಿದರು. "ನಾನ್ ಹಿಡ್ಕೊಂಡಿರ್ತೀನಿ. ಕಾದ್ರೆ ನಿಲ್ಸು ಅಂತೀನಿ." ಭಾಯ್ ಬೇಡವೆಂದರು, ಅತ್ತೆ ಕೇಳಲಿಲ್ಲ. ಕೊನೆಗೆ ಭಾಯ್ ಅವರನ್ನು ಕರೆಂಟು ಹೊಡೆಯದಂತೆ ಒಣಗಿದ ಹಲಗೆಯ ಮೇಲೆ ನಿಲ್ಲಿಸಿ, ಮುಖ ಆ ಕಡೆ ತಿರುಗಿಸಿಕೊಳ್ಳಲು ಹೇಳಿದರು.

ನನಗೆ ಬೇರೆಯೇ ಅನುಮಾನ. ಮಾತು ಮಾತಿಗೂ ನಿಲ್ಸು ಅಂದು ಈ ಕೆಲಸ ಮುಗಿಯದ ಹಾಗೆ ಮಾಡಿ, ಕಬ್ಬಿಣ ಹುಳಕ್ಕೆ ಆಗಿಬರುವುದಿಲ್ಲ ಎಂದು ತೋರಿಸುವುದಕ್ಕೇ ನಿಂತಿದ್ದಾರೆ ಅಂದುಕೊಂಡೆ.

ಮೊದಲ ಸಲ ಹಾಗೇ ಆಯಿತು. ವೆಲ್ಡಿಂಗ್ ಕಡ್ಡಿ ತಾಗಿ ನೀಲಿ ಬೆಳಕು ಹಾರಿ, ತಗಡಿನ ಮೇಲೆ ಕಿಡಿ ಚಟಚಟ ಸಿಡಿದದ್ದೇ ತಡ, "ನಿಲ್ಸಪ್ಪ!" ನಿಲ್ಲಿಸಿದರು. ಆರಿದ ಮೇಲೆ ಮತ್ತೆ ಒಂದಿಷ್ಟು. ಮತ್ತೆ "ನಿಲ್ಸು!" ನಾನು ಹಲ್ಲು ಕಚ್ಚಿಕೊಂಡು ತಗಡು ಹಿಡಿದಿದ್ದೆ.

ಅಷ್ಟರಲ್ಲಿ ಜಾಕಿ ಜಾರಿತು. ಸ್ಟ್ಯಾಂಡು ಗರಕ್ಕೆಂದು ಒಂದು ಬೆರಳಿನಷ್ಟು ಕುಸಿಯಿತು. ನಮ್ಮ ಮನೆಯವರು ಹೆಗಲು ಕೊಟ್ಟು ತಡೆದರು. "ಈಗ ಬುಟ್ರೆ ಬಿದ್ದೋಯ್ತದೆ! ಯಾರೂ ಅಲ್ಲಾಡ್ಬೇಡಿ!" ಎಂದು ಭಾಯ್ ಕೂಗಿ, ಬಿಡದೆ ಬೆಸುಗೆ ಎಳೆಯತೊಡಗಿದರು. ಹಸಿ ಮಣ್ಣು ಹಬೆಯಾಡಿ ಬಿರುಕು ಬಿಟ್ಟಿತು. ನಾನು ಅತ್ತೆಯ ಬಾಯನ್ನೇ ನೋಡುತ್ತಿದ್ದೆ. ಈಗ ನಿಲ್ಸು ಅಂದರೆ ಮುಗಿಯಿತು. ಅವರು ತುಟಿ ಬಿಗಿಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಬಾಯಿ ಬಿಡಲಿಲ್ಲ. ಹಾಗಾದರೆ ಕಾದಿಲ್ಲ, ಮಣ್ಣು ಕೆಲಸ ಮಾಡಿತು ಎಂದು ಸಮಾಧಾನಪಟ್ಟುಕೊಂಡೆ.

ಕಾಲು ನಿಂತಿತು. ಆದರೆ ಹುಳ ಉಳಿದಿದೆಯೋ ಇಲ್ಲವೋ ಆಗಲೇ ಹೇಳುವಂತಿರಲಿಲ್ಲ. ಜ್ವರಕ್ಕೆ ಕೂತ ಹುಳವೂ ಸತ್ತ ಹುಳವೂ ನೋಡುವುದಕ್ಕೆ ಒಂದೇ ತರ ಸುಮ್ಮನಿರುತ್ತವೆ. ಆ ದಿನವಿಡೀ ನನಗೆ ಅನ್ನ ಸೇರಲಿಲ್ಲ.

ಮಾರನೇ ದಿನ ಅವು ಎದ್ದವು. ಮೊದಲು ಮೇಲಿನ ಅಂತಸ್ತು, ಕೊನೆಗೆ ಬೆಸುಗೆಯ ಹತ್ತಿರದ ಸಾಲೂ ಚರ್ಮ ಕಳಚಿ, ಹಸಿದು ತಲೆ ಆಡಿಸತೊಡಗಿತು. ನಾನು ಸೊಪ್ಪಿನ ಹೊರೆ ತಂದು ಅತ್ತೆಯ ಮುಂದಿಟ್ಟೆ. ಜ್ವರ ಎದ್ದ ಹುಳಕ್ಕೆ ಮೊದಲ ಸೊಪ್ಪು ಯಾವಾಗಲೂ ಅವರದೇ. ಇನ್ನೊಬ್ಬರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ.

ಅವರು ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತೇ ಇದ್ದರು. "ನೀನೇ ಹಾಕು."

ನನಗೆ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಆದ ಮೇಲೂ ಹಟವೇ? "ಕಬ್ಬಿಣದ ಮೇಲಿರೋ ಹುಳ ಅಂತ ಸೊಪ್ಪೂ ಹಾಕಾಕಿಲ್ವಾ?" ಎಂದು ಒಂದು ಕಂತೆಯನ್ನು ಅವರ ಕೈಗೆ ತುರುಕಿದೆ. ಅವರು ಅಮ್ಮಾ ಎಂದು ಕೂಗಿ ಕೈ ಎಳೆದುಕೊಂಡರು. ಸೆರಗು ಜಾರಿತು. ಅಂಗೈಯ ಉದ್ದಕ್ಕೂ ಪೈಪಿನಷ್ಟೇ ಅಗಲಕ್ಕೆ ಬೊಬ್ಬೆ ಎದ್ದಿತ್ತು.

"ನಿಲ್ಸು ಅನ್ಬಾರ್ದಾಗಿತ್ತಾ, ಅತ್ತೆ?"

"ಅಂದಿದ್ರೆ ಅವ ನಿಲ್ಸ್‌ಬುಡೋನು. ನಿನ್ ಸ್ಟ್ಯಾಂಡು ಬಿದ್ದೋಗೋದು."

"ಹುಳಕ್ಕೆ ಕಾವು ತಾಕಿದ್ರೆ?"

"ಎಡಗೈನ ಹುಳದ ಹಾಸಿಗೆ ತಳ್ಕೇ ಕೊಟ್ಟಿದ್ದೆ ಕಣವ್ವ," ಅಂದರು ಅತ್ತೆ. "ಅದು ತಣ್ಗಿತ್ತು. ಅದ್ಕೇ ಸುಮ್ನಿದ್ದೆ."